ಮೂರ್ಮೂರ್ಲೆ ಏಳು!

ಮೇಷ್ಟ್ರ ಮನೆಯಲ್ಲೇ ತಪ್ಪು ಮಗ್ಗಿ. ಕರೆಂಟ್ ಉಳಿಸಲು ಮೊಮ್ಮಗಳ ಹೊಸ ಲೆಕ್ಕ

ಮೂರ್ಮೂರ್ಲೆ ಎಷ್ಟು?

ಒಂಬತ್ತು ಅಂದಿರಾ? ಸಂತೋಷ. ನಿಮ್ಮ ಮೇಷ್ಟ್ರು ಸರಿಯಾಗಿಯೇ ಕಲಿಸಿದ್ದಾರೆ. ಆದರೆ ಮೈಸೂರು ಸರಸ್ವತಿಪುರಂನ ಒಂದು ಮನೆಯಲ್ಲಿ ಕೆಲವು ತಿಂಗಳು ಈ ಪ್ರಶ್ನೆಗೆ ಬೇರೆಯೇ ಉತ್ತರ ನಡೆಯಿತು. ಅಲ್ಲಿ ಮೂರ್ಮೂರ್ಲೆ ಏಳು.

ಅದೂ ಯಾರ ಮನೆಯಲ್ಲಿ ಅಂತೀರಿ? ಹುಣಸೂರು ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೂವತ್ತಾರು ವರ್ಷ ಮಗ್ಗಿ ಹೇಳಿಸಿ, ತಪ್ಪಿದವರ ಅಂಗೈಗೆ ಬೆತ್ತದ ರುಚಿ ತೋರಿಸಿ ನಿವೃತ್ತರಾದ ಮೇಷ್ಟ್ರ ಮನೆಯಲ್ಲಿ! ತಪ್ಪು ಬರೆದವಳು ಬೇರೆ ಯಾರೂ ಅಲ್ಲ, ಅವರ ಸ್ವಂತ ಮೊಮ್ಮಗಳು. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗಿ. ಪ್ರಾಜೆಕ್ಟ್ ಪುಸ್ತಕ ಊಟದ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೇ ತಪ್ಪಾಯಿತು. ಮೇಷ್ಟ್ರು ಕನ್ನಡಕ ಏರಿಸಿ ಪುಟ ತಿರುವಿದರು.

“ಏನೇ ಇದು? ಮೂರ್ಮೂರ್ಲೆ ಏಳು ಅಂತ ಬರ್ದಿದೀಯ?”

“ಹೌದು ತಾತ. ಅದು ಹಂಗೇ ಇರಬೇಕು.”

“ಹಂಗೇ ಇರಬೇಕಾ? ನಿಮ್ಮಪ್ಪ ಲಕ್ಷಗಟ್ಟಲೆ ಫೀಸು ಕಟ್ಟಿ ಓದಿಸ್ತಿರೋದು ಇದಕ್ಕೇನಾ?”

“ಬೇಕಂತಲೇ ಮಾಡಿರೋ ತಪ್ಪು ತಾತ ಅದು. ಕರೆಂಟ್ ಉಳಿಯತ್ತೆ.”

ಮೇಷ್ಟ್ರು ಆವತ್ತು ಹತ್ತು ಗಂಟೆಯ ಕಾಫಿ ಮುಟ್ಟಲಿಲ್ಲ ಎಂಬುದು ಅಜ್ಜಿಯ ಸಾಕ್ಷಿ.

ಮೊಳ ಮತ್ತು ಮಿಲಿಗ್ರಾಂ

ಹುಡುಗಿ ಹೇಳಿದ್ದು ತಮಾಷೆಯಲ್ಲ. ಜಗತ್ತಿನ ಚಿಪ್ ವಿನ್ಯಾಸಕಾರರು ಹದಿನೈದಿಪ್ಪತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವ ಸಂಗತಿ ಇದು. ಲೆಕ್ಕವನ್ನು ಬೇಕೆಂದೇ ಸ್ವಲ್ಪ ಕೆಡಿಸಿ, ಅದರಿಂದ ವಿದ್ಯುತ್ ಉಳಿಸುವ ವಿದ್ಯೆ. ಅಂದಾಜು ಲೆಕ್ಕದ ಸರ್ಕಿಟ್ ಎಂದು ಕರೆಯಬಹುದು.

ಅಂದಾಜು ಎಂದರೆ ಮೂಗು ಮುರಿಯಬೇಕಿಲ್ಲ. ದೇವರಾಜ ಮಾರುಕಟ್ಟೆಗೆ ಹೋಗಿ. ಹೂವಿನವಳು ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುತ್ತಾಳೆ. ಅವಳ ಮೊಳ ಒಂದು, ಪಕ್ಕದವಳ ಮೊಳ ಇನ್ನೊಂದು. ಅರ್ಧ ಅಂಗುಲ ಹೆಚ್ಚುಕಮ್ಮಿಯಾದರೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಅಲ್ಲಿಂದ ಹೊರಬಂದು ಅಶೋಕ ರಸ್ತೆಯ ಚಿನ್ನದಂಗಡಿಗೆ ಹೋಗಿ. ಅಲ್ಲಿ ತಕ್ಕಡಿಗೆ ಗಾಜಿನ ಮನೆ. ಗಾಳಿ ಬೀಸಿದರೂ ತೂಕ ತಪ್ಪೀತು ಎಂಬ ಭಯ. ಹೂವಿಗೆ ಚಿನ್ನದ ತಕ್ಕಡಿ ಇಟ್ಟರೆ ವ್ಯಾಪಾರ ನಡೆಯದು. ಚಿನ್ನಕ್ಕೆ ಮೊಳ ಹಿಡಿದರೆ ಅಂಗಡಿ ಉಳಿಯದು.

ಚಿಪ್ಪಿನವರ ಪ್ರಶ್ನೆಯೂ ಇಷ್ಟೇ. ಫೋಟೋ ಎಂಬುದು ಹೂವೋ, ಚಿನ್ನವೋ?

ಕೈಯಲ್ಲಿರುವ ಮೊಬೈಲನ್ನೇ ನೋಡಿ. 12 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದರೆ ಒಂದು ಚಿತ್ರದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆಗಳು. ಒಂದೊಂದು ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕೆ. ಚಿತ್ರದ ಹೊಳಪನ್ನು ಒಂದಿಷ್ಟು ಇಳಿಸಬೇಕೆಂದರೂ ಮೂರು ಕೋಟಿ ಅರವತ್ತು ಲಕ್ಷ ಗುಣಾಕಾರ. ಚುಕ್ಕೆಗಳ ಒರಟು ತೆಗೆದು ನಯಮಾಡಬೇಕೆಂದರೆ ಪ್ರತಿ ಚುಕ್ಕೆಗೂ ಅಕ್ಕಪಕ್ಕದವರನ್ನು ಸೇರಿಸಿ ಒಂಬತ್ತು ಸಲ ಗುಣಿಸಬೇಕು. ಒಟ್ಟು ಮೂವತ್ತೆರಡು ಕೋಟಿ ದಾಟುತ್ತದೆ. ಬೆರಳು ಒತ್ತಿ ರೆಪ್ಪೆ ಬಡಿಯುವಷ್ಟರಲ್ಲಿ ಇದೆಲ್ಲ ಮುಗಿಯಬೇಕು. ಬ್ಯಾಟರಿ ಬಿಸಿಯಾಗುವುದು ಸುಮ್ಮನೆ ಅಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಒಂದು ಲೆಕ್ಕ ಮುಂದಿಟ್ಟಿದ್ದರು. ಆಗಿನ 45 ನ್ಯಾನೋಮೀಟರ್ ಚಿಪ್ಪಿನಲ್ಲಿ ಎಂಟು ಬಿಟ್ಟಿನ ಎರಡು ಅಂಕೆಗಳನ್ನು ಕೂಡಲು 0.03 ಪಿಕೋಜೂಲ್ ಶಕ್ತಿ ಬೇಕು. ಅದೇ ಅಂಕೆಗಳನ್ನು ಗುಣಿಸಲು 0.2 ಪಿಕೋಜೂಲ್. ಅಂದರೆ ಗುಣಾಕಾರಕ್ಕೆ ಸಂಕಲನದ ಆರೇಳು ಪಟ್ಟು ಖರ್ಚು. ಉಳಿಸುವುದಿದ್ದರೆ ಗುಣಾಕಾರದಲ್ಲೇ ಉಳಿಸಬೇಕು.

ಒಬ್ಬನಿಗಾಗಿ ಇನ್ನೊಂದು ಬಸ್ಸು

ಈಗ ಮೂರ್ಮೂರ್ಲೆ ಏಳಕ್ಕೆ ಬರೋಣ. ಇದು ಸರಸ್ವತಿಪುರಂನಲ್ಲಿ ಹುಟ್ಟಿದ ತಪ್ಪಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪರಾಗ್ ಕುಲಕರ್ಣಿ, ಪುನೀತ್ ಗುಪ್ತಾ ಮತ್ತು ಮಿಲೋಸ್ ಎರ್ಸೆಗೊವಾಚ್ ಇದನ್ನು 2011ರ ಜನವರಿಯಲ್ಲಿ ಚೆನ್ನೈನಲ್ಲಿ ನಡೆದ ಚಿಪ್ ವಿನ್ಯಾಸ ಸಮ್ಮೇಳನದಲ್ಲಿ ಮಂಡಿಸಿದರು.

ಯಂತ್ರಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಎರಡು ಮನೆಯ ಅಂಕೆಯಲ್ಲಿ ಅದು ಸೊನ್ನೆಯಿಂದ ಮೂರರವರೆಗೆ ಬರೆಯಬಲ್ಲದು. ಹಾಗಾಗಿ ಅದರ ಮಗ್ಗಿ ಬಹಳ ಚಿಕ್ಕದು. ನಾಲ್ಕು ಸಾಲು, ನಾಲ್ಕು ಕಂಬ, ಒಟ್ಟು ಹದಿನಾರು ಉತ್ತರ. ಈ ಹದಿನಾರರಲ್ಲಿ ಹದಿನೈದು ಉತ್ತರಗಳು ಆರನ್ನು ದಾಟುವುದಿಲ್ಲ. ಆರು ಎಂದರೆ ಯಂತ್ರದ ಭಾಷೆಯಲ್ಲಿ 110, ಮೂರು ತಂತಿ ಸಾಕು. ಒಂದೇ ಒಂದು ಉತ್ತರ ಮಾತ್ರ ಒಂಬತ್ತು. ಅದು 1001. ನಾಲ್ಕು ತಂತಿ ಬೇಕು.

ಒಬ್ಬ ಪ್ರಯಾಣಿಕನಿಗಾಗಿ ಡಿಪೋದಿಂದ ಇನ್ನೊಂದು ಬಸ್ಸು ಬಿಟ್ಟ ಹಾಗಾಯಿತು. ವಿನ್ಯಾಸಕಾರರು ಬಸ್ಸು ರದ್ದು ಮಾಡಿದರು. ಆ ಒಬ್ಬನನ್ನು ಇದ್ದ ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲಿಸಿದರು. ಮೂರು ತಂತಿಯಲ್ಲಿ ಬರೆಯಬಹುದಾದ ಅತಿ ದೊಡ್ಡ ಅಂಕೆ 111, ಅಂದರೆ ಏಳು. ಒಂಬತ್ತಕ್ಕೆ ಅದೇ ಹತ್ತಿರ. ಆದ್ದರಿಂದ ಮೂರ್ಮೂರ್ಲೆ ಏಳು. ಉಳಿದ ಹದಿನೈದು ಉತ್ತರಗಳೂ ಸರಿ.

ದೊಡ್ಡ ಅಂಕೆಗಳನ್ನು ಗುಣಿಸಲು ಇಂಥ ಪುಟ್ಟ ಗುಣಕಗಳನ್ನು ಇಟ್ಟಿಗೆಯ ಹಾಗೆ ಜೋಡಿಸುತ್ತಾರೆ. ಎಂಟು ಬಿಟ್ಟಿನ ಗುಣಾಕಾರಕ್ಕೆ ಹದಿನಾರು ಇಟ್ಟಿಗೆ. ಇಟ್ಟಿಗೆಯೊಂದರಲ್ಲಿ ಒಂದು ತಂತಿ ಕಡಿಮೆಯಾದರೂ ಕಟ್ಟಡದಲ್ಲಿ ಬಹಳ ಉಳಿತಾಯ. ಸರಿಯಾದ ಗುಣಕಕ್ಕೆ ಹೋಲಿಸಿದರೆ ಸರಾಸರಿ ವಿದ್ಯುತ್ ಉಳಿತಾಯ ಶೇಕಡಾ 31.78ರಿಂದ 45.4 ಎಂದು ಅವರು ವರದಿ ಮಾಡಿದರು. ತಪ್ಪು? ಸರಾಸರಿ ಶೇಕಡಾ 1.39ರಿಂದ 3.32 ಮಾತ್ರ.

“ನೂರಕ್ಕೆ ಮೂರು ತಪ್ಪು. ಫಸ್ಟ್ ಕ್ಲಾಸೇ ಆಯ್ತಲ್ಲ!” ಎಂದರಂತೆ ಮೇಷ್ಟ್ರು. ಆವತ್ತು ಕಾಫಿ ಕುಡಿದರು.

ದಶಕವೆಂಬ ತಾಪತ್ರಯ

ಗುಣಾಕಾರದಲ್ಲಷ್ಟೇ ಅಲ್ಲ, ಕೂಡುವ ಸರ್ಕಿಟ್ಟಿನಲ್ಲೂ ಇಂಥ ಕೈಚಳಕ ಉಂಟು.

999ಕ್ಕೆ ಒಂದು ಕೂಡಿ ನೋಡಿ. ಬಿಡಿ ಸ್ಥಾನದಲ್ಲಿ ಹುಟ್ಟಿದ ದಶಕ ಹತ್ತಕ್ಕೆ ಹೋಗಿ, ಅಲ್ಲಿಂದ ನೂರಕ್ಕೆ ಹೋಗಿ, ಕೊನೆಗೆ ಸಾವಿರದ ಮನೆ ಬಾಗಿಲು ತಟ್ಟುತ್ತದೆ. ಯಂತ್ರದಲ್ಲೂ ಹೀಗೆಯೇ. ಕೆಳಗಿನ ಮನೆಯ ದಶಕ ಮೇಲಿನ ಮನೆ ತಲುಪುವವರೆಗೆ ಉತ್ತರ ಸಿದ್ಧವಿಲ್ಲ. ಆ ಕಾಯುವಿಕೆಗೆ ಸಮಯ, ಆ ಓಟಕ್ಕೆ ವಿದ್ಯುತ್.

ಇರಾನಿನ ಮಹದಿಯಾನಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಉಪಾಯ ಸರಳ. ಕೆಳಗಿನ ಕೆಲವು ಮನೆಗಳಲ್ಲಿ ಕೂಡುವುದನ್ನೇ ಬಿಟ್ಟುಬಿಡಿ. ಎರಡು ಅಂಕೆಗಳಲ್ಲಿ ಯಾವುದಾದರೂ ಒಂದು ‘1’ ಆಗಿದ್ದರೆ ಉತ್ತರ ‘1’. ಎರಡೂ ‘1’ ಆಗಿದ್ದರೂ ‘1’ ಅಷ್ಟೇ. ಆ ಕೆಳಗಿನ ಮನೆಗಳ ನಡುವೆ ದಶಕದ ಓಡಾಟವಿಲ್ಲ. ಮೇಲಿನ ಮನೆಗಳಲ್ಲಿ ಮಾತ್ರ ಶುದ್ಧ ಸಂಕಲನ.

“ಒಂದಕ್ಕೆ ಒಂದು ಕೂಡಿದ್ರೂ ಒಂದೇನಾ?” ಮೇಷ್ಟ್ರಿಗೆ ಮತ್ತೆ ಸಂಕಟ.

“ಚಿಲ್ಲರೆ ಮನೇಲಿ ಮಾತ್ರ ತಾತ. ನೋಟಿನ ಲೆಕ್ಕ ತಪ್ಪಲ್ಲ. ಕಂಡಕ್ಟರ್ ಹತ್ರ ಎಂಟಾಣೆ ಬಿಟ್ಟು ಬರ್ತಿರಲಿಲ್ವಾ ನೀವು?”

“ಬಿಡ್ತಿರಲಿಲ್ಲ ಕಣೇ. ಟಿಕೆಟ್ ಹಿಂದೆ ಬರೆಸಿಕೊಂಡು ಬರ್ತಿದ್ದೆ!”

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕೌಶಿಕ್ ರಾಯ್, ಆನಂದ್ ರಘುನಾಥನ್ ಮತ್ತು ಅವರ ಶಿಷ್ಯರು ಇನ್ನೂ ಕೆಳಕ್ಕೆ ಇಳಿದು ಟ್ರಾನ್ಸಿಸ್ಟರ್‌ಗಳಿಗೇ ಕತ್ತರಿ ಹಾಕಿದರು. ಒಂದು ಮನೆಯ ಅಂಕೆ ಕೂಡಲು ಸಾಮಾನ್ಯವಾಗಿ ಬಳಸುವ ಒಂದು ಸರ್ಕಿಟ್ಟಿಗೆ ಇಪ್ಪತ್ನಾಲ್ಕು ಟ್ರಾನ್ಸಿಸ್ಟರ್. ಅದನ್ನು ಹದಿನಾರಕ್ಕೆ, ಹದಿನಾಲ್ಕಕ್ಕೆ, ಕೊನೆಗೆ ಹನ್ನೊಂದಕ್ಕೂ ಇಳಿಸಿ ನೋಡಿದರು. ಚಿತ್ರ ಮತ್ತು ವಿಡಿಯೋ ಅಡಕಗೊಳಿಸುವ ಕೆಲಸಕ್ಕೆ ಹಚ್ಚಿದಾಗ ಶೇಕಡಾ 69ರವರೆಗೂ ವಿದ್ಯುತ್ ಉಳಿಯಿತೆಂದು 2013ರಲ್ಲಿ ಬರೆದರು. ಇಷ್ಟು ಉಳಿತಾಯ ಟ್ರಾನ್ಸಿಸ್ಟರ್ ಕಡಿಮೆಯಾದದ್ದರಿಂದಷ್ಟೇ ಬರಲಿಲ್ಲ. ಸರ್ಕಿಟ್ ಚಿಕ್ಕದಾದರೆ ಬೇಗ ಕೆಲಸ ಮುಗಿಯುತ್ತದೆ. ಅವಸರವಿಲ್ಲದಿದ್ದರೆ ವೋಲ್ಟೇಜ್ ತಗ್ಗಿಸಬಹುದು. ವೋಲ್ಟೇಜ್ ಅರ್ಧಕ್ಕೆ ಇಳಿದರೆ ಸರ್ಕಿಟ್ ಒಮ್ಮೆ ತಿರುಗಲು ಬೇಕಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ನಿಜವಾದ ಲಾಭ ಅಲ್ಲಿದೆ.

ಮೈಸೂರು ಡಿಗ್ರಿಯ ಇಬ್ಬರು

ಇದೆಲ್ಲ ಅಮೆರಿಕ, ಇರಾನ್ ಸಮಾಚಾರ, ನಮ್ಮೂರಿಗೇನು ಎಂದು ಕೇಳುವವರಿದ್ದಾರೆ. ಅವರಿಗಾಗಿ ಎರಡು ಹೆಸರು.

ಒಬ್ಬರು ನಾಸಿರ್ ಅಹಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದಾಗ ಅವರಿಗೊಂದು ಯೋಚನೆ ಹೊಳೆಯಿತು. ಚಿತ್ರವನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕವನ್ನೂ ದೊಡ್ಡ ಅಲೆ, ಸಣ್ಣ ಅಲೆ ಎಂದು ಬಿಡಿಸಿಡುವುದು. ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಅಲೆಗಳನ್ನು ಕೈಬಿಟ್ಟರೆ ಚಿತ್ರ ಪುಟ್ಟ ಜಾಗದಲ್ಲಿ ಕೂರುತ್ತದೆ. 1972ರಲ್ಲಿ ಇದಕ್ಕೆ ಹಣ ಕೇಳಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ವಿಷಯ ತೀರಾ ಸರಳವೆನಿಸಿತಂತೆ ಪರಿಶೀಲಕರೊಬ್ಬರಿಗೆ! ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿಯೇ ಬಿಟ್ಟರು. ಅದೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಇಂದು ವಾಟ್ಸಾಪ್‌ನಲ್ಲಿ ಹರಿದಾಡುವ ಜೆಪೆಗ್ ಫೋಟೋಗಳ ಹೊಟ್ಟೆಯಲ್ಲಿ ಕೂತಿರುವುದು ಆ ‘ತೀರಾ ಸರಳ’ ಲೆಕ್ಕವೇ. ಮದುವೆ ಫೋಟೋ ಇರಲಿ, ದಸರಾ ಆನೆಯ ಫೋಟೋ ಇರಲಿ.

ಇನ್ನೊಬ್ಬರು ಎಂ. ಎನ್. ಎಸ್. ಸ್ವಾಮಿ. 1954ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಆನರ್ಸ್. ಆಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆ, ಅಲ್ಲಿಂದ ಕೆನಡಾ. ನಾಸಿರ್ ಅಹಮದರ ಲೆಕ್ಕವನ್ನು ಎಂಟು ಅಂಕೆಗಳ ಮೇಲೆ ಚಾಚೂ ತಪ್ಪದೆ ಮಾಡಲು ಹೆಸರಾಂತ ವೇಗದ ವಿಧಾನಕ್ಕೂ ಹನ್ನೊಂದು ಗುಣಾಕಾರ, ಇಪ್ಪತ್ತೊಂಬತ್ತು ಸಂಕಲನ ಬೇಕು. ಸ್ವಾಮಿಯವರು ಬುಗೆಜೆಲ್ ಮತ್ತು ಒಮೈರ್ ಅಹಮದ್ ಎಂಬುವರೊಡನೆ 2008ರಲ್ಲಿ ಒಂದು ಅಂದಾಜು ವಿಧಾನ ಕೊಟ್ಟರು. ಅದರಲ್ಲಿ ಗುಣಾಕಾರವೇ ಇಲ್ಲ! ಹದಿನೆಂಟು ಸಂಕಲನ, ಜೊತೆಗೆ ಅಂಕೆ ಪಕ್ಕಕ್ಕೆ ಸರಿಸುವ ಚಿಲ್ಲರೆ ಕೆಲಸ ಅಷ್ಟೇ.

ಒಬ್ಬರು ಲೆಕ್ಕ ಕೊಟ್ಟರು. ಒಬ್ಬರು ಅದನ್ನು ಅಗ್ಗ ಮಾಡಿದರು. ಇಬ್ಬರದೂ ಮೈಸೂರು ಡಿಗ್ರಿ. ಎಷ್ಟು ಜನಕ್ಕೆ ಗೊತ್ತು?

ಬಿಳಿ ಅಂಗಿ ಎಲ್ಲಿ ಹೋಯಿತು?

ಇಷ್ಟರಲ್ಲಿ ಮೇಷ್ಟ್ರ ಹಳೆಯ ಶಿಷ್ಯರು ಗುರುವಂದನೆ ಇಟ್ಟುಕೊಂಡರು. 1986ರ ಏಳನೇ ತರಗತಿಯವರು. ಆಗ ತೆಗೆಸಿದ ಗ್ರೂಪ್ ಫೋಟೋ ದೊಡ್ಡದು ಮಾಡಿಸಿ ಹಾಕಬೇಕೆಂದು ಆಸೆ. ಫೋಟೋ ಇದ್ದದ್ದು ಮೇಷ್ಟ್ರ ಟ್ರಂಕಿನಲ್ಲಿ. ಕಾಲ ಕಳೆದು ಬಣ್ಣ ಹಾರಿ ಬಿಳಿಚಿಕೊಂಡಿತ್ತು. ಕೊನೆಯ ಸಾಲಿನ ತುದಿಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಹುಡುಗ ಈಗಿಲ್ಲ. ಚಿಕ್ಕ ವಯಸ್ಸಿಗೇ ಹೋಗಿಬಿಟ್ಟ. ಅವನ ತಾಯಿ ಇನ್ನೂ ಇದ್ದಾರೆ. ಆ ವಯಸ್ಸಿನ ಅವನ ಬೇರೆ ಫೋಟೋ ಆ ಮನೆಯಲ್ಲಿಲ್ಲ. ಅವರಿಗೂ ಒಂದು ಪ್ರತಿ ಕೊಡಬೇಕೆಂದು ಶಿಷ್ಯರು ಕೇಳಿಕೊಂಡಿದ್ದರು.

“ನನ್ ಪ್ರಾಜೆಕ್ಟ್‌ನಲ್ಲೇ ಸರಿಮಾಡ್ತೀನಿ ಕೊಡಿ ತಾತ” ಎಂದಳು ಮೊಮ್ಮಗಳು.

ಫೋಟೋ ಸ್ಕ್ಯಾನ್ ಮಾಡಿ, ಹೊಳಪನ್ನು ಮುಕ್ಕಾಲಿಗೆ ಇಳಿಸಲು ತನ್ನ ಏಳರ ಮಗ್ಗಿಯ ಸರ್ಕಿಟ್ಟಿಗೆ ಹಚ್ಚಿದಳು. ಪ್ರಿಂಟು ತಂದು ತಾತನ ಮುಂದೆ ಇಟ್ಟಳು.

ಮೇಷ್ಟ್ರು ಒಬ್ಬೊಬ್ಬರ ಹೆಸರು ಹೇಳುತ್ತಾ ಬಂದರು. ಕೊನೆಯ ಸಾಲಿಗೆ ಬಂದು ನಿಂತರು. “ಇವನೆಲ್ಲಿ? ಗೋಡೆ ಪಕ್ಕ ನಿಂತಿದ್ನಲ್ಲ, ಬಿಳೀ ಅಂಗಿ?”

ಬಿಳಿ ಅಂಗಿಯೇ ಇರಲಿಲ್ಲ. ಎಲ್ಲ ಮಕ್ಕಳ ಅಂಗಿಯೂ ಬೂದಿಬಣ್ಣ. ಆ ಹುಡುಗನ ಅಂಗಿಯಂತೂ ಗೋಡೆಗಿಂತ ಕಪ್ಪಾಗಿತ್ತು. ಬೆಳಕು ಬಿದ್ದ ಅರ್ಧ ಮುಖವೂ ಅದೇ ಬೂದಿಯಲ್ಲಿ ಸೇರಿಹೋಗಿತ್ತು.

“ನನ್ ಕಣ್ಣಿಗೆ ಪೊರೆ ಬಂದಿದೆಯೇನೋ” ಎಂದರು ಮೇಷ್ಟ್ರು. ಅಗ್ರಹಾರದ ಹಳೆಯ ಸ್ಟುಡಿಯೋದವರಿಗೆ ತೋರಿಸಿದ್ದಾಯಿತು. ಅವರು ನೋಡಿದವರೇ, “ಕಣ್ಣು ಸರಿ ಇದೆ ಸಾರ್, ಫೋಟೋನೇ ಸರಿಯಿಲ್ಲ. ಬೆಳಕಿರೋ ಕಡೆ ಎಲ್ಲಾ ಹೊಡೆದುಹೋಗಿದೆ” ಎಂದರು.

ತಪ್ಪು ಎಲ್ಲಿ ಬಿತ್ತು?

ಹುಡುಗಿ ರಾತ್ರಿಯೆಲ್ಲ ಕೂತು ಲೆಕ್ಕ ತೆಗೆದಳು. ಲೆಕ್ಕ ಹೀಗಿದೆ.

ಚುಕ್ಕೆಯ ಹೊಳಪು ಸೊನ್ನೆಯಿಂದ 255ರವರೆಗೆ. ಸೊನ್ನೆ ಕಪ್ಪು, 255 ಅಚ್ಚ ಬಿಳಿ. ಮುಕ್ಕಾಲು ಮಾಡಲು ಯಂತ್ರ 192ರಿಂದ ಗುಣಿಸಿ 256ರಿಂದ ಭಾಗಿಸುತ್ತದೆ. ಗುಣಿಸುವಾಗ ಪ್ರತಿ ಅಂಕೆಯನ್ನೂ ನಾಲ್ಕು ತುಂಡು ಮಾಡಿಕೊಳ್ಳುತ್ತದೆ. 192 ಎಂದರೆ 3, 0, 0, 0. ಅಂದರೆ ತಲೆಯ ಮೇಲೇ ಮೂರು ಕೂತಿದೆ. ಇನ್ನು ಚುಕ್ಕೆಯ ಕಡೆ ನೋಡಿ. ಹೊಳಪು 192ಕ್ಕಿಂತ ಕಡಿಮೆಯಿದ್ದರೆ ತಲೆಯ ತುಂಡು ಸೊನ್ನೆ, ಒಂದು ಅಥವಾ ಎರಡು. 192 ದಾಟಿದ ಕೂಡಲೇ ತಲೆಯ ತುಂಡು ಮೂರು. ಅಲ್ಲಿಗೆ ಮೂರಕ್ಕೆ ಮೂರು ಎದುರಾಯಿತು. ಒಂಬತ್ತಾಗಬೇಕಾದ ಕಡೆ ಏಳು ಬಿತ್ತು. ಅದೂ ಬಿಡಿ ಸ್ಥಾನದಲ್ಲಲ್ಲ, ಅತಿ ದೊಡ್ಡ ಸ್ಥಾನದಲ್ಲಿ.

ಗೋಡೆಯ ಹೊಳಪು 170. ಅದರ ಮುಕ್ಕಾಲು 127. ಯಂತ್ರವೂ 127 ಎಂದೇ ಹೇಳಿತು. ಸರಿ. ಅಂಗಿಯ ಹೊಳಪು 200. ಅದು 150 ಆಗಬೇಕಿತ್ತು. ಯಂತ್ರ ಹೇಳಿದ್ದು 118. ಗೋಡೆಗಿಂತ ಬೆಳ್ಳಗಿದ್ದ ಅಂಗಿ ಗೋಡೆಗಿಂತ ಕಪ್ಪಾಯಿತು! ಅಚ್ಚ ಬಿಳಿ 255 ಆದರೆ 191 ಆಗುವ ಬದಲು 148 ಆಯಿತು. ನೂರಕ್ಕೆ ಇಪ್ಪತ್ತೆರಡು ತಪ್ಪು.

ಸರಾಸರಿ ಮೂರು ಎಂದಿದ್ದರಲ್ಲ? ಅದೇನೂ ಸುಳ್ಳಲ್ಲ. ಎಲ್ಲ ಅಂಕೆಗಳೂ ಸಮಸಮವಾಗಿ ಬಂದರೆ ಸರಾಸರಿ ಅಷ್ಟೇ. ಗರಿಷ್ಠ ತಪ್ಪು ಶೇಕಡಾ 22.22 ಎಂಬುದನ್ನೂ ವಿನ್ಯಾಸಕಾರರು ಮುಚ್ಚಿಟ್ಟಿಲ್ಲ. ಆದರೆ ಫೋಟೋದಲ್ಲಿ ಅಂಕೆಗಳು ಸಮಸಮವಾಗಿ ಬರುವುದಿಲ್ಲ. ಬಿಳಿ ಅಂಗಿ ತೊಟ್ಟವರು ಬಿಳಿ ಅಂಗಿಯಲ್ಲೇ ಬರುತ್ತಾರೆ. ತಪ್ಪೆಲ್ಲ ಅವರ ತಲೆಗೇ.

ಮೇಷ್ಟ್ರಿಗೆ ಇದು ಥಟ್ಟನೆ ಅರ್ಥವಾಯಿತು. “ಇನ್ಸ್‌ಪೆಕ್ಟರ್ ಬಂದಾಗ ನಾವೂ ತರಗತಿ ಸರಾಸರಿ ತೋರಿಸ್ತಿದ್ವಿ ಕಣಮ್ಮ. ಸರಾಸರಿ ಚೆನ್ನಾಗೇ ಇರ್ತಿತ್ತು. ಕೊನೇ ಬೆಂಚಿನ ಹುಡುಗ ಸರಾಸರಿಯೊಳಗೆ ಕಾಣ್ತಾನೇ ಇರ್ಲಿಲ್ಲ.”

ಪರಿಹಾರ ದೊಡ್ಡದಿರಲಿಲ್ಲ. ಹದಿನಾರು ಪುಟ್ಟ ಗುಣಕಗಳಲ್ಲಿ ತಲೆಗೆ ತಲೆ ಗುಣಿಸುವುದು ಒಂದೇ ಒಂದು. ಅದಕ್ಕೆ ಮಾತ್ರ ಮೂರ್ಮೂರ್ಲೆ ಒಂಬತ್ತು ಎಂದು ಕಲಿಸಿದಳು. ಉಳಿದ ಹದಿನೈದು ಹಾಗೇ ಇರಲಿ ಎಂದು ಬಿಟ್ಟಳು. ವಿದ್ಯುತ್ ಉಳಿತಾಯ ತುಸು ಕಡಿಮೆಯಾಯಿತು. ಆದರೆ ಅಂಗಿಯ 200 ಈಗ ಸರಿಯಾಗಿ 150. ಅಚ್ಚ ಬಿಳಿ 191ರ ಬದಲು 180. ಕಣ್ಣಿಗೆ ಅದು ಬಿಳಿಯೇ. ಹುಡುಗ ಗೋಡೆಯಿಂದ ಹೊರಬಂದು ನಿಂತ.

ಚಿನ್ನದಂಗಡಿಯಲ್ಲಿ ಮೊಳ ಬೇಡ

ಇಲ್ಲಿಗೆ ಕತೆ ಮುಗಿದರೆ ಚೆನ್ನ. ಆದರೆ ಮುಗಿಯುವುದಿಲ್ಲ. ಗ್ರೂಪ್ ಫೋಟೋ ಕೆಟ್ಟರೆ ಮೇಷ್ಟ್ರಿದ್ದಾರೆ, ಗುರುತು ಹಿಡಿಯುತ್ತಾರೆ. ಎದೆಯ ಎಕ್ಸ್‌ರೇ ಕೆಟ್ಟರೆ? ಸಕ್ಕರೆ ಕಾಯಿಲೆಯವರ ಕಣ್ಣಿನ ಹಿಂಭಾಗದ ಫೋಟೋದಲ್ಲಿ ಒಂದು ಚುಕ್ಕೆ ರಕ್ತ ಬೂದಿಯಾಗಿ ಕಂಡರೆ? ರಸ್ತೆಯ ಕ್ಯಾಮೆರಾ ನಂಬರ್ ಪ್ಲೇಟ್ ತಪ್ಪಾಗಿ ಓದಿದರೆ ದಂಡ ಕಟ್ಟುವವರು ಯಾರು?

ಚಿತ್ರದ ಅಂದಾಜು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಜರ್ಮನಿಯಲ್ಲಿ 2013ರಲ್ಲಿ ಒಂದು ಪಾಠ ಸಿಕ್ಕಿತು. ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞರು ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಕೋಣೆಗಳ ಅಳತೆಯೇ ಬದಲಾಗಿರುವುದು ಬೆಳಕಿಗೆ ಬಂತು. 21.11 ಇದ್ದದ್ದೂ 14.13, 17.42 ಇದ್ದದ್ದೂ 14.13. ಅಲ್ಲಿ ತಪ್ಪಿದ್ದು ಕೂಡುವ ಸರ್ಕಿಟ್ಟಲ್ಲ. ಜಾಗ ಉಳಿಸಲು ಒಂದೇ ಥರ ಕಾಣುವ ಅಂಕೆಗಳಿಗೆ ಒಂದೇ ಅಚ್ಚು ಬಳಸುವ ವಿಧಾನ ತಪ್ಪಿತ್ತು. ಭಯದ ಸಂಗತಿ ಎಂದರೆ ತಪ್ಪು ಅಂಕೆಗಳು ಮಸುಕಾಗಿರಲಿಲ್ಲ. ಅಚ್ಚುಕಟ್ಟಾಗಿದ್ದವು. ತಪ್ಪು ಶುಭ್ರವಾಗಿ ಬಂದರೆ ಯಾರು ಅನುಮಾನಿಸುತ್ತಾರೆ? ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನೂ ಸ್ಕ್ಯಾನ್ ಮಾಡಿಡುವ ಈ ಕಾಲದಲ್ಲಿ ಪಹಣಿಯ ಒಂದು ಗುಂಟೆ ಹೀಗೆ ಅತ್ತಿತ್ತ ಆದರೆ ಮೂರು ತಲೆಮಾರು ಕೋರ್ಟು ಅಲೆಯಬೇಕು.

ಆದ್ದರಿಂದಲೇ ಈ ವಿದ್ಯೆ ಬಲ್ಲವರು ಮೊದಲು ಕೇಳುವ ಪ್ರಶ್ನೆ, ಈ ಚಿತ್ರವನ್ನು ಕೊನೆಗೆ ನೋಡುವವರು ಯಾರು ಎಂಬುದು. ನೋಡಿ ಆನಂದಿಸುವ ಕಣ್ಣಾದರೆ ಅಂದಾಜು ನಡೆಯುತ್ತದೆ. ನೋಡಿ ತೀರ್ಮಾನ ಕೊಡುವವರಾದರೆ ಶುದ್ಧ ಲೆಕ್ಕ ಬೇಕು. ಕುಲಕರ್ಣಿ ಮತ್ತು ಸಂಗಡಿಗರು ತಮ್ಮ ಗುಣಕಕ್ಕೆ ತಪ್ಪು ತಿದ್ದುವ ಒಂದು ಜೋಡಣೆಯನ್ನೂ ಸೂಚಿಸಿದ್ದರು. ಖಚಿತ ಉತ್ತರ ಬೇಕಾದಾಗ ಏಳಕ್ಕೆ ಎರಡು ಸೇರಿಸಿ ಒಂಬತ್ತು ಮಾಡಿಕೊಳ್ಳುವ ಅನುಕೂಲ.

ಇನ್ನೊಂದು ಮಾತನ್ನೂ ಹೇಳದಿದ್ದರೆ ಅರ್ಧ ಸತ್ಯವಾದೀತು. ಗುಣಕದಲ್ಲಿ ಶೇಕಡಾ 40 ಉಳಿದರೆ ಮೊಬೈಲ್ ಬ್ಯಾಟರಿಯಲ್ಲಿ ಶೇಕಡಾ 40 ಉಳಿಯಿತು ಎಂದಲ್ಲ. ಹೊರಗಿನ ಮೆಮೊರಿಯಿಂದ ಒಂದು ಅಂಕೆ ತರಲು ಆಗುವ ಖರ್ಚು ಅದನ್ನು ಗುಣಿಸುವ ಖರ್ಚಿನ ನೂರಾರು ಪಟ್ಟು. ಅಡುಗೆಮನೆಯಲ್ಲಿ ಸೀಮೆಎಣ್ಣೆ ಉಳಿಸಿ, ಸಂತೆಗೆ ಆಟೋದಲ್ಲಿ ಹೋಗಿಬಂದರೆ ಏನು ಬಂತು? ಲೆಕ್ಕವೂ ಅಗ್ಗವಾಗಬೇಕು, ಅಂಕೆಗಳ ಓಡಾಟವೂ ಕಡಿಮೆಯಾಗಬೇಕು. ಆಗ ಮಾತ್ರ ಉಳಿತಾಯ ಜೇಬಿಗೆ ಬರುತ್ತದೆ.

ಕೆಟ್ಟ ಫೋಟೋವನ್ನೂ ಅಂಟಿಸು

ಪ್ರಾಜೆಕ್ಟ್ ಪರೀಕ್ಷೆ ಹತ್ತಿರ ಬಂತು. ಹುಡುಗಿಯ ಕೈಯಲ್ಲಿ ಎರಡು ಬಗೆಯ ಫಲಿತಾಂಶ. ಕಾಲೇಜುಗಳಲ್ಲಿ ಎಲ್ಲರೂ ಬಳಸುವ ಮಾಮೂಲಿ ಚಿತ್ರಗಳಲ್ಲಿ ಏಳರ ಮಗ್ಗಿಗೂ ಒಳ್ಳೆಯ ಅಂಕ ಬಂದಿತ್ತು. ಗ್ರೂಪ್ ಫೋಟೋದಲ್ಲಿ ಮಾತ್ರ ಮಾನ ಹೋಗಿತ್ತು. “ಆ ಫೋಟೋ ಯಾಕೆ ಹಾಕ್ತೀಯ, ಬಿಟ್ಬಿಡು. ಸರಾಸರಿ ಚೆನ್ನಾಗಿದೆಯಲ್ಲ” ಎಂದು ಗೆಳತಿಯರ ಸಲಹೆ. ಒಂದು ಪುಟ ಹರಿದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ.

ಎರಡು ದಿನ ಹೊಯ್ದಾಡಿ ತಾತನನ್ನು ಕೇಳಿದಳು.

ಮೇಷ್ಟ್ರು ಒಳಗೆ ಹೋಗಿ ಟ್ರಂಕಿನಿಂದ ಹಳೆಯ ಅಂಕಪಟ್ಟಿಯ ಪುಸ್ತಕ ತಂದರು. ನೀಲಿ ಶಾಯಿಯಲ್ಲಿ ಪಾಸಾದವರು, ಕೆಂಪು ಶಾಯಿಯಲ್ಲಿ ಫೇಲಾದವರು. “ಕೆಂಪು ಬರೀಬೇಡಿ ಮೇಷ್ಟ್ರೇ, ಶಾಲೆಗೆ ಕೆಟ್ಟ ಹೆಸರು ಅಂತ ಎಷ್ಟು ಜನ ಹೇಳಿದ್ರು ಗೊತ್ತಾ? ನಾನು ಬರ್ದೆ. ಕೆಂಪು ಇಲ್ದೇ ಹೋದ್ರೆ ಮುಂದಿನ ವರ್ಷ ಬರೋ ಮೇಷ್ಟ್ರಿಗೆ ಯಾರಿಗೆ ಹೇಳ್ಕೊಡಬೇಕು ಅಂತ ಹೆಂಗೆ ಗೊತ್ತಾಗ್ಬೇಕು? ಕೆಟ್ಟ ಫೋಟೋನೂ ಅಂಟ್ಸು.”

ಅಂಟಿಸಿದಳು. ಬೂದಿ ಅಂಗಿಯದು ಎಡಕ್ಕೆ, ಬಿಳಿ ಅಂಗಿಯದು ಬಲಕ್ಕೆ. ಕೆಳಗೆ 118 ಮತ್ತು 150ರ ಲೆಕ್ಕ.

ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತಾ ಬಂದು ನಿಂತದ್ದು ಅಲ್ಲೇ.

“ಇದ್ಯಾಕಮ್ಮ, ಕೆಟ್ಟುಹೋಗಿರೋದನ್ನ ಹಾಕಿದೀಯ?”

“ಇದನ್ನ ಎಲ್ಲಿ ಬಳಸಬಾರದು ಅಂತ ಗೊತ್ತಾಗ್ಲಿ ಅಂತ ಸರ್.”

ಪ್ರಶ್ನೆಗಳು ಆಮೇಲೆ ಮುಕ್ಕಾಲು ಗಂಟೆ ನಡೆದವು, ಎಲ್ಲವೂ ಆ ಒಂದು ಪುಟದ ಮೇಲೆ. ಅಂಕ ಎಷ್ಟು ಬಂತೆಂದು ಕೇಳಿದರೆ ಹುಡುಗಿ ನಗುತ್ತಾಳೆ.

ಗುರುವಂದನೆಯೂ ಆಯಿತು. ಫೋಟೋದ ಒಂದು ಪ್ರತಿ ಹುಣಸೂರು ಕಡೆಯ ಒಂದು ಹಳ್ಳಿ ಮನೆಯ ಗೋಡೆಗೆ ಹೋಯಿತು. ತಾಯಿ ಬೆರಳಿಟ್ಟು ಮೊದಲು ಮುಟ್ಟಿದ್ದು ಕೊನೆಯ ಸಾಲಿನ ತುದಿಯ ಬಿಳಿ ಅಂಗಿಯನ್ನಂತೆ.

ಸರಸ್ವತಿಪುರಂ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಈಗಲೂ ಅಕ್ಕಪಕ್ಕದ ಮಕ್ಕಳು ಮಗ್ಗಿ ಹೇಳುತ್ತಾರೆ. ಮೊನ್ನೆ ಒಬ್ಬ ತುಂಟ, “ಅಕ್ಕನ ಮಗ್ಗೀಲಿ ಮೂರ್ಮೂರ್ಲೆ ಏಳಂತೆ ತಾತ” ಎಂದ. ಮೇಷ್ಟ್ರು ಬೆತ್ತ ತೆಗೆಯಲಿಲ್ಲ.

“ಹೌದಪ್ಪ, ಏಳೇ. ಆದರೆ ಅವಳಿಗೆ ಒಂಬತ್ತು ಅಂತ ಗೊತ್ತಿದ್ದು ಏಳು ಅಂದ್ಲು. ನಿನಗೆ ಇನ್ನೂ ಗೊತ್ತಿಲ್ಲ. ಹೇಳು, ಮೂರ್ಮೂರ್ಲೆ?”